ತಾರೆಗಳ ಬಣ್ಣವೂ ಅವುಗಳ ಬಿಸುಪೂ

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಈ ಶಾಲೆಯಲ್ಲಿ ನಾವು ಮೊದಲು ಅಕ್ಕರೆಯಿಂದ ಕಲಿತ ವಿಷಯವನ್ನೇ ಆರಿಸಿಕೊಂಡೆವು. ಅದು ನಕ್ಷತ್ರಗಳ ವಿಷಯ. ಹಳೆಯ ವಿದ್ಯಾರ್ಥಿನಿಯರಿಗೆ ಇದು ನೆನಪನ್ನೂ, ತಾಯಿತಂದೆಗಳಿಗೆ ಒಂದಿಷ್ಟು ಯೋಚನೆಯನ್ನೂ ತಂದೀತೆಂದು ನಂಬಿದ್ದೇವೆ.

ನಕ್ಷತ್ರಗಳೆಲ್ಲವೂ ಬೆಳ್ಳಗಿರುವುವೆಂದು ಸಾಮಾನ್ಯವಾಗಿ ಹೇಳುವುದುಂಟು. ಮಾಗಿಯ ಕಾಲದಲ್ಲಿ, ಚಂದ್ರನಿಲ್ಲದ ಇರುಳು, ಕಣ್ಣನ್ನು ತುಸು ಹೊತ್ತು ಕತ್ತಲೆಗೆ ಪಳಗಿಸಿ ಪೂರ್ವದಿಕ್ಕನ್ನು ನೋಡಿದವರಿಗೆ ಈ ಮಾತು ನಿಜವಲ್ಲವೆಂದು ಒಡನೆಯೇ ತಿಳಿಯುವುದು. ಅಲ್ಲಿ ಒಂದೇ ಸಾಲಿನಲ್ಲಿ ಮೂರು ತಾರೆಗಳು ಕಾಣುವುವು. ಅವುಗಳ ಉತ್ತರಕ್ಕೆ ಆರ್ದ್ರೆಯು ಬೂದಿ ಮುಸುಕಿದ ಕೆಂಡದಂತೆ ಕೆಂಪಾಗಿಯೂ, ದಕ್ಷಿಣಕ್ಕೆ ರೀಗೆಲ್ ಎಂಬ ತಾರೆಯು ನೀಲಿ ಬೆರೆದ ಬಿಳುಪಾಗಿಯೂ ಹೊಳೆಯುವುವು. ನಮ್ಮ ರೈತರು ಮಳೆಗೆ ಹೆಸರಿಟ್ಟು ಕರೆಯುವ ಆರ್ದ್ರೆಯೇ ಇದು. ರೋಹಿಣಿಯೂ ಕಿತ್ತಳೆಗೆಂಪು, ಚಿತ್ರೆಯಾದರೋ ನೀಲಿಯ ಕಡೆಯದು.

ಈ ಭೇದಕ್ಕೆ ಕಾರಣವೇನು? ಕಮ್ಮಾರನ ಕುಲುಮೆಯ ಬಳಿ ನಿಂತವರಿಗೆ ಉತ್ತರದ ಅರ್ಧವು ಗೊತ್ತಿದೆ. ಕಬ್ಬಿಣವು ಮೊದಲು ಮಂದವಾಗಿ ಕೆಂಪೇರುವುದು. ತಿದಿಯೊತ್ತಿದಂತೆ ಕಿತ್ತಳೆಯಾಗಿ, ಹಳದಿಯಾಗಿ, ಕಡೆಗೆ ಕಣ್ಣು ಕೋರೈಸುವ ಬಿಳುಪಾಗುವುದು. ಇನ್ನೂ ಕಾಯಿಸಿದರೆ ಕಬ್ಬಿಣವು ಕರಗಿಹೋಗುವುದರಿಂದ ಮುಂದಿನ ಬಣ್ಣವನ್ನು ಕಮ್ಮಾರನು ಕಾಣಲಾರ. ಆ ಮುಂದಿನ ಬಣ್ಣವೇ ನೀಲಿ. ಕಾದ ವಸ್ತುವು ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಸೂಸುವುದಾದರೂ, ಬಿಸುಪು ಹೆಚ್ಚಿದಂತೆಲ್ಲ ಬೆಳಕಿನ ಹೆಚ್ಚಿನ ಪಾಲು ಕೆಂಪಿನಿಂದ ನೀಲಿಯ ಕಡೆಗೆ ಸರಿಯುವುದೆಂದು ಜರ್ಮನಿಯ ವೀನ್ ಎಂಬ ಪಂಡಿತನು ೧೮೯೩ರಲ್ಲಿ ನಿಯಮವಾಗಿ ತೋರಿಸಿದನು. ಬಿಸುಪು ಇಮ್ಮಡಿಯಾದರೆ, ಅತ್ಯಂತ ಉಜ್ಜ್ವಲವಾದ ಬೆಳಕಿನ ಅಲೆಯ ಉದ್ದವು ಅರ್ಧವಾಗುವುದು.

ಆದುದರಿಂದ ಲೋಕರೂಢಿಯಲ್ಲಿ ಬಿಸಿಯೆನಿಸುವ ಕೆಂಪು ಆಕಾಶದಲ್ಲಿ ತಂಪಿನ ಗುರುತು. ತಂಪೆನಿಸುವ ನೀಲಿಯು ಕಡುಬಿಸಿಯ ಗುರುತು. ಆರ್ದ್ರೆಯ ಮೇಲ್ಮೈಯ ಉಷ್ಣತೆಯು ಕೆಲ್ವಿನ್ ಮಾನದಲ್ಲಿ ಸುಮಾರು ೩,೫೦೦. ರೋಹಿಣಿಯದು ಸುಮಾರು ೩,೯೦೦. ನಮ್ಮ ಸೂರ್ಯನದು ಸುಮಾರು ೫,೮೦೦. ಲುಬ್ಧಕನದು ಹತ್ತು ಸಾವಿರದ ಹತ್ತಿರ. ರೀಗೆಲಿನದು ಸುಮಾರು ೧೨,೦೦೦. ಚಿತ್ರೆಯದು ಇಪ್ಪತ್ತು ಸಾವಿರಕ್ಕೂ ಮೀರಿದುದು. ತಂಪಾದ ಆರ್ದ್ರೆಯು ಇಷ್ಟು ಪ್ರಕಾಶಮಾನವಾಗಿರುವುದು ಹೇಗೆಂದು ಕೇಳಬಹುದು. ಅದರ ಗಾತ್ರವೇ ಉತ್ತರ: ಅದರ ವ್ಯಾಸವು ಸೂರ್ಯನದಕ್ಕಿಂತ ನೂರಾರು ಮಡಿ ದೊಡ್ಡದು. ಹಸುರು ತಾರೆಯೇಕಿಲ್ಲವೆಂದರೆ, ನಡುಬಣ್ಣಗಳು ಮೇಲಾಗಿರುವ ತಾರೆಯು ಉಳಿದ ಬಣ್ಣಗಳನ್ನೂ ಧಾರಾಳವಾಗಿ ಸೂಸುವುದರಿಂದ, ಎಲ್ಲವೂ ಬೆರೆತು ಕಣ್ಣಿಗೆ ಬಿಳುಪಾಗಿಯೇ ತೋರುವುದು.

ಇಲ್ಲಿ ಎಚ್ಚರಿಕೆಯೂ ಬೇಕು. ದಿಗಂತದ ಬಳಿಯ ತಾರೆಯನ್ನು ನಮ್ಮ ಗಾಳಿಯೂ, ದೂರದ ತಾರೆಯನ್ನು ನಡುವಣ ಧೂಳೂ ಕೆಂಪಾಗಿಸುವುವು. ಅಂಗಾರಕನ ಕೆಂಪು ಅಲ್ಲಿಯ ತುಕ್ಕುಮಣ್ಣಿನದು, ಬಿಸುಪಿನದಲ್ಲ. ಅಡುಗೆಮನೆಯ ಗ್ಯಾಸ್ ಒಲೆಯ ನೀಲಿ ಉರಿಗೂ ಕಾರಣವು ಬೇರೆಯೇ.

ಈ ವಿದ್ಯೆಯನ್ನು ಕ್ರಮಕ್ಕೆ ತಂದವರಲ್ಲಿ ಇಬ್ಬರು ಸ್ತ್ರೀಯರ ಹೆಸರನ್ನು ನಮ್ಮ ಹುಡುಗಿಯರು ಅರಿತಿರಬೇಕು. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಆ್ಯನಿ ಜಂಪ್ ಕ್ಯಾನನ್ ಎಂಬಾಕೆಯು, ಕಿವಿಯು ಬಹುಮಟ್ಟಿಗೆ ಕೇಳದಿದ್ದರೂ, ಸುಮಾರು ಮೂರೂವರೆ ಲಕ್ಷ ತಾರೆಗಳ ಬೆಳಕನ್ನು ಪರೀಕ್ಷಿಸಿ ವರ್ಗಗಳಾಗಿ ವಿಂಗಡಿಸಿದಳು. ನಮ್ಮ ದೇಶದ ಮೇಘನಾದ ಸಾಹಾ ಅವರು ೧೯೨೦ರಲ್ಲಿ ಕಂಡುಹಿಡಿದ ಸೂತ್ರವನ್ನು ಹಿಡಿದು, ಇಂಗ್ಲೆಂಡಿನಿಂದ ಹಾರ್ವರ್ಡಿಗೆ ಹೋದ ಸಿಸಿಲಿಯಾ ಪೇನ್ ಎಂಬ ತರುಣಿಯು, ಆ ವರ್ಗಗಳ ಭೇದವು ಮುಖ್ಯವಾಗಿ ಉಷ್ಣತೆಯ ಭೇದವೆಂದೂ, ತಾರೆಗಳಲ್ಲಿ ಜಲಜನಕವೇ ಅತ್ಯಧಿಕವೆಂದೂ ೧೯೨೫ರಲ್ಲಿ ಲೆಕ್ಕಹಾಕಿದಳು. ಎರಡನೆಯದು ಅಸಾಧ್ಯವೆಂದು ಹಿರಿಯ ಪಂಡಿತನಾದ ರಸೆಲ್ ಹೇಳಿದುದರಿಂದ, ತನ್ನ ಫಲಿತಾಂಶವು ನಿಜವಿರಲಾರದೆಂದು ಆಕೆಯೇ ತನ್ನ ಪ್ರಬಂಧದಲ್ಲಿ ಬರೆಯಬೇಕಾಯಿತು. ನಾಲ್ಕು ವರ್ಷಗಳ ತರುವಾಯ ರಸೆಲನೇ ಬೇರೊಂದು ಮಾರ್ಗದಿಂದ ಅದೇ ನಿರ್ಣಯಕ್ಕೆ ಬಂದನು. ಆಕೆಗೆ ಅಲ್ಲಿ ಪೂರ್ಣ ಪ್ರಾಧ್ಯಾಪಕ ಪದವಿಯು ದೊರೆತುದು ೧೯೫೬ರಲ್ಲಿ.

ನಾವು ವಿಜ್ಞಾನವನ್ನು ಓದಬಯಸಿದಾಗ ಬಂಧುಗಳಲ್ಲಿ ಹಿರಿಯರೊಬ್ಬರು, “ನಕ್ಷತ್ರ ಎಣಿಸಿದರೆ ಅನ್ನ ಬೇಯುವುದೆ?” ಎಂದು ಕೇಳಿದ್ದರು. ನಮ್ಮ ತಂದೆಯವರು ಉತ್ತರ ಕೊಡದೆ ಮಾರನೆಯ ದಿನ ಫೀಜು ಕಟ್ಟಿ ಬಂದರು. ನಮಗಿಂತ ಚುರುಕಾಗಿದ್ದ ಗೆಳತಿಯೊಬ್ಬಳ ಮನೆಯಲ್ಲಿಯೂ ಅದೇ ಪ್ರಶ್ನೆ ಬಂದಿತ್ತು. ಅವಳ ಓದು ಅಲ್ಲಿಗೇ ನಿಂತಿತು. ಗಣಿತದಲ್ಲಿ ನಮಗೆ ಬಿಡಿಸಲಾಗದ ಲೆಕ್ಕಗಳನ್ನು ಬಿಡಿಸಿಕೊಡುತ್ತಿದ್ದವಳು ಅವಳೇ. ಇಂದಿಗೂ ಆರ್ದ್ರೆಯನ್ನು ಕಂಡಾಗ ಅವಳ ನೆನಪಾಗದೆ ಇರದು.

ತಾಯಿತಂದೆಗಳಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮಗಳು ಮಾಳಿಗೆಯ ಮೇಲೆ ನಿಂತು, ಆ ಚುಕ್ಕೆಯೇಕೆ ಕೆಂಪು, ಈ ಚುಕ್ಕೆಯೇಕೆ ನೀಲಿಯೆಂದು ಕೇಳಿದರೆ, ಹೊತ್ತಾಯಿತೆಂದು ಒಳಗೆ ಕರೆಯಬೇಡಿರಿ. ತಿಳಿದಷ್ಟನ್ನು ಹೇಳಿರಿ, ಉಳಿದುದನ್ನು ಅವಳು ಓದಿ ತಿಳಿಯುವಂತೆ ಅನುಕೂಲ ಮಾಡಿಕೊಡಿರಿ.