ಕುರು ಹಣ್ಣಾಗುವ ಬಗೆ

ಕುರು ಏಳುತ್ತದೆ, ಬಲಿಯುತ್ತದೆ, ಹಣ್ಣಾಗುತ್ತದೆ, ಕೊನೆಗೆ ಒಡೆಯುತ್ತದೆ. ಕನ್ನಡದಲ್ಲಿ ಅದರ ಬಾಳನ್ನು ಹೇಳುವ ಮಾತುಗಳಲ್ಲಿ ಹೆಚ್ಚಿನವು ತೋಟದಿಂದ ಬಂದವು. ಕೂದಲಿನ ಬುಡದಲ್ಲಿ ಕಡಲೆಕಾಳಿನಷ್ಟು ಕೆಂಪು ಗಂಟಾಗಿ ಶುರುವಾಗುವ ಇದು ಕೆಲವೇ ದಿನಗಳಲ್ಲಿ ಅಡಿಕೆಯಷ್ಟಾಗಿ, ತುದಿಯಲ್ಲಿ ಹಳದಿಗೆ ತಿರುಗುತ್ತದೆ. ಕಂಕುಳು, ತೊಡೆಸಂದು, ಕತ್ತಿನ ಹಿಂಭಾಗ, ಕುಂಡೆ: ಬೆವರೂ ಉಜ್ಜಾಟವೂ ಕೂಡುವ ಜಾಗಗಳೇ ಇದಕ್ಕೆ ಇಷ್ಟ. ಕೊನೆಯದರಲ್ಲಿ ಎದ್ದರಂತೂ ಮನುಷ್ಯ ಮದುವೆಮನೆಯ ಪಂಕ್ತಿಯಲ್ಲೂ ಒಂದೇ ಮಗ್ಗುಲಿಗೆ ವಾಲಿ ಕೂರುತ್ತಾನೆ. ವಿಚಾರಿಸಿದವರಿಗೆ ಸೊಂಟನೋವು ಎನ್ನುತ್ತಾನೆ.

ಹಣ್ಣಿನ ಹೋಲಿಕೆ ಬಹಳ ಹಳೆಯದು. ಸುಶ್ರುತ ಸಂಹಿತೆ ಬಾವಿನಲ್ಲಿ ಆಮ, ಪಚ್ಯಮಾನ, ಪಕ್ವ ಎಂಬ ಮೂರು ಹಂತಗಳನ್ನು ಗುರುತಿಸುತ್ತದೆ. ಕಾಯಿಯನ್ನು ಕೊಯ್ಯುವ ವೈದ್ಯನನ್ನೂ ಹಣ್ಣನ್ನು ಕಡೆಗಣಿಸುವ ವೈದ್ಯನನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸಿ ಬೈಯುತ್ತದೆ. ಹರಳೆಣ್ಣೆ ಸವರಿ ಬೆಚ್ಚಗೆ ಮಾಡಿದ ಎಲೆ, ಬಿಸಿ ಹಿಟ್ಟಿನ ಪಟ್ಟು ಮುಂತಾದ ಅಜ್ಜಿಯ ಮನೆಮದ್ದುಗಳ ಗುರಿಯೂ ಬೇಗ ಹಣ್ಣು ಮಾಡುವುದೇ. ಈಗಿನ ವೈದ್ಯರೂ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖವನ್ನು ದಿನಕ್ಕೆ ಮೂರು ನಾಲ್ಕು ಬಾರಿ ಕೊಡಲು ಹೇಳುತ್ತಾರೆ. ಶಾಖದ ವಿಷಯದಲ್ಲಿ ಅಜ್ಜಿ ಗೆದ್ದಳು. ಕಾರಣದ ವಿಷಯದಲ್ಲಿ ಸೋತಳು. ಅವಳ ಪಾಲಿಗೆ ತಪ್ಪಿತಸ್ಥ ಮಾವಿನಹಣ್ಣು, ಅದರ ಉಷ್ಣ. ಮಾವೂ ಬೆವರೂ ಒಂದೇ ಕಾಲಕ್ಕೆ ಬರುವುದರಿಂದ ಬೆವರಿನ ಅಪವಾದ ಮಾವಿನ ತಲೆಗೆ ಬಂತು.

ನಿಜವಾದ ಕಾರಣವೂ ಹಣ್ಣಿನ ಹೆಸರಿನಲ್ಲೇ ಸಿಕ್ಕಿದ್ದು ತಮಾಷೆ. ಸ್ಕಾಟ್ಲೆಂಡಿನ ಅಬರ್ಡೀನಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಗೊಂಚಲುಗೊಂಚಲಾದ ದುಂಡು ಜೀವಿಗಳಿರುವುದನ್ನು 1880ರಲ್ಲಿ ವರದಿ ಮಾಡಿದ. 1882ರಲ್ಲಿ ಅವಕ್ಕೆ ಸ್ಟ್ಯಾಫಿಲೊಕಾಕಸ್ ಎಂದು ಹೆಸರಿಟ್ಟ; ಗ್ರೀಕಿನಲ್ಲಿ ಸ್ಟ್ಯಾಫಿಲೆ ಎಂದರೆ ದ್ರಾಕ್ಷಿಗೊಂಚಲು. 1884ರಲ್ಲಿ ಜರ್ಮನಿಯ ರೋಸೆನ್‌ಬಾಕ್, ಹೊಂಬಣ್ಣದಲ್ಲಿ ಬೆಳೆಯುವ ಬಗೆಯನ್ನು ಬೇರ್ಪಡಿಸಿ ಔರಿಯಸ್ ಎಂದ. ಮರುವರ್ಷ ಕಾರ್ಲ್ ಗಾರೆ ಎಂಬ ವೈದ್ಯ ಅದನ್ನು ತನ್ನ ತೋಳಿಗೇ ಉಜ್ಜಿಕೊಂಡು ಕುರು ಎಬ್ಬಿಸಿಕೊಂಡ. ಅಲ್ಲಿಗೆ ಸಂಶಯ ತೀರಿತು.

ಒಂದು ಕುರು ಮಾಯುವಷ್ಟರಲ್ಲಿ ಇನ್ನೊಂದು ಏಳುವವರು ಬೇಸತ್ತು ರಕ್ತ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿರುವುದು ರಕ್ತವಲ್ಲ, ಬೀಜ ಬೇರೆ ಕಡೆ ಉಳಿದಿರುತ್ತದೆ. ಆರೋಗ್ಯವಂತರಲ್ಲೇ ಸುಮಾರು ಮೂವರಲ್ಲಿ ಒಬ್ಬರ ಮೂಗಿನ ಹೊಳ್ಳೆಯಲ್ಲಿ ಈ ಬ್ಯಾಕ್ಟೀರಿಯಾ ತೆಪ್ಪಗೆ ವಾಸಿಸುತ್ತದೆ. ಬೆರಳು ಅದನ್ನು ಮೂಗಿನಿಂದ ಚರ್ಮಕ್ಕೆ ಸಾಗಿಸುತ್ತದೆ, ಟವೆಲು ಒಬ್ಬರಿಂದ ಮತ್ತೊಬ್ಬರಿಗೆ. ಕ್ಷೌರದ ಬ್ಲೇಡು ಒಳಹೊಗಲು ದಾರಿ ಮಾಡಿಕೊಡುತ್ತದೆ.

ಆದ್ದರಿಂದ ಚಿಕಿತ್ಸೆಯೂ ಎರಡು ಬಗೆ. ಹಣ್ಣಾದ ದೊಡ್ಡ ಕುರುವನ್ನು ವೈದ್ಯರು ಕೊಯ್ದು ಕೀವು ತೆಗೆಯುತ್ತಾರೆ; ಮನೆಯಲ್ಲಿ ಹಿಸುಕಿದರೆ ಸೋಂಕು ಒಳಕ್ಕೆ ಹರಡಬಹುದು, ಮೂಗು ಮತ್ತು ಮೇಲ್ದುಟಿಯ ಸುತ್ತ ಅದು ಅಪಾಯಕರ. ಮರುಕಳಿಸುವವರಿಗೆ ಕೀವಿನ ಪರೀಕ್ಷೆ, ರಕ್ತದ ಸಕ್ಕರೆಯ ಪರೀಕ್ಷೆ ಮಾಡಿಸುತ್ತಾರೆ, ಏಕೆಂದರೆ ಮಧುಮೇಹ ಕುರುವಿನ ಹಳೆಯ ಗೆಳೆಯ. ಮೂಗಿನೊಳಗೆ ಐದು ದಿನ ಮ್ಯುಪಿರೋಸಿನ್ ಮುಲಾಮು, ಕ್ಲೋರ್‌ಹೆಕ್ಸಿಡೀನ್ ಸ್ನಾನ, ಹಾಸಿಗೆಬಟ್ಟೆಗೆ ಬಿಸಿನೀರಿನ ಒಗೆತ: ಇವು ಬೀಜಕ್ಕೆ ಮದ್ದು. ಮನೆಮಂದಿಯೆಲ್ಲ ಒಟ್ಟಿಗೆ ಮಾಡಿದರೆ ಫಲ ಹೆಚ್ಚು.

ಆ್ಯಂಟಿಬಯೋಟಿಕ್ ಮಾತ್ರೆಯನ್ನು ಮಾತ್ರ ತಾನೇ ಅಂಗಡಿಯಿಂದ ತಂದು ನುಂಗುವಂತಿಲ್ಲ. 1928ರಲ್ಲಿ ಫ್ಲೆಮಿಂಗ್ ಪೆನ್ಸಿಲಿನ್ ಕಂಡದ್ದು ಇದೇ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ. ಅದು ಪೆನ್ಸಿಲಿನ್‌ಗೆ ಬಗ್ಗದಾದಾಗ 1959ರಲ್ಲಿ ಮೆಥಿಸಿಲಿನ್ ಬಂತು. 1961ರ ಹೊತ್ತಿಗೆ ಅದನ್ನೂ ಎದುರಿಸುವ ತಳಿ ಬ್ರಿಟನ್ನಿನಲ್ಲಿ ಕಾಣಿಸಿತು. ಅರ್ಧಕ್ಕೆ ಬಿಟ್ಟ ಮಾತ್ರೆ, ಬೇಡದಿದ್ದಾಗ ನುಂಗಿದ ಮಾತ್ರೆ ಎರಡೂ ಅಂಥ ತಳಿಗೇ ಗೊಬ್ಬರ. ಜ್ವರ ಬಂದರೆ, ಕೆಂಪು ಹಬ್ಬಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಉಳಿದಂತೆ ಶಾಖ, ಸಾಬೂನು ಮತ್ತು ಪ್ರತಿಯೊಬ್ಬರಿಗೂ ಬೇರೆ ಬೇರೆ ಟವೆಲು ಸಾಕು. ಮಾವಿನಹಣ್ಣು ತಿನ್ನಲು ಅಡ್ಡಿಯಿಲ್ಲ.