ಮೈಸೂರು ಬಸ್ಸಿನ ಬದಿ

ಹಂಗಳದಲ್ಲಿ ಬಸ್ಸಿಗೆ ಕಾದು ನಿಂತವರನ್ನು ಎಲ್ಲಿಗೆ ಹೊರಟಿರಿ ಎಂದು ಕೇಳುವ ಅಗತ್ಯವೇ ಇಲ್ಲ. ರಸ್ತೆಯ ಯಾವ ಬದಿಯಲ್ಲಿ ನಿಂತಿದ್ದಾರೆ ಎಂದು ನೋಡಿದರೆ ಸಾಕು. ಊಟಿ ಕಡೆಯ ಬದಿಯಲ್ಲಿ ನಿಂತವರು ಪ್ರವಾಸಿಗರು, ಇಲ್ಲವೇ ಬಂಡೀಪುರದಲ್ಲಿ ಕೆಲಸಕ್ಕಿರುವವರು. ಮೈಸೂರು ಕಡೆಯ ಬದಿಯಲ್ಲಿ ನಿಂತವರ ಕೈ ನೋಡಿ: ಎಕ್ಸ್‌ರೇ ಕವರು, ಕಾಲೇಜು ಬ್ಯಾಗು, ಪಹಣಿ ಕಾಗದ, ಮದುವೆ ಸೀರೆ ತರಲು ಮಡಚಿ ಕಂಕುಳಲ್ಲಿಟ್ಟ ಖಾಲಿ ಚೀಲ. ಇಷ್ಟೆಲ್ಲ ಕಣ್ಣಿಗೆ ಕಾಣುತ್ತಿದ್ದರೂ ಕೇಳದೆ ಬಿಡುವವರು ನಮ್ಮೂರಲ್ಲಿ ಯಾರೂ ಇಲ್ಲ, ಆ ಮಾತು ಬೇರೆ.

ಆ ಬದಿಯಲ್ಲಿ ನಿಂತು ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದವರಲ್ಲಿ ಎಷ್ಟೋ ಮಂದಿ ಒಂದು ದಿನ ಗೂಡ್ಸ್ ಆಟೋದಲ್ಲಿ ಬೀರು, ಮಂಚ, ಒರಳುಕಲ್ಲು ಹೇರಿಕೊಂಡು ಹೋಗಿ ಅಲ್ಲೇ ಉಳಿದರು. ಈಗ ನಮ್ಮ ಮನೆಯ ಸರದಿ ಬಂದಿದೆ.

ಮಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾನೆ. ಫೋನು ಮಾಡಿದಾಗಲೆಲ್ಲ ಅದೇ ರಾಗ: "ಅಪ್ಪಾಜಿ, ಶ್ರೀರಾಂಪುರದಲ್ಲೋ ಜೆ.ಪಿ. ನಗರದಲ್ಲೋ ಮನೆ ನೋಡ್ತೀನಿ, ಬಂದ್ಬುಡಿ." ನನ್ನ ಹೆಂಡತಿಯದು ಇನ್ನೂ ಮುಂದಾಲೋಚನೆ: "ಅವನು ಕರೀವಾಗ್ಲೇ ಹೋಗ್ಬುಡವ. ಸೊಸೆ ಬಂದ್ಮೇಲೆ ಕರೀತಾರೋ ಇಲ್ವೋ." ನನ್ನ ಅವ್ವನದು ಒಂದೇ ಮಾತು: "ನೀವ್ ಹೋಗಿ ಕನ್ರಪ್ಪ. ನಾನ್ ಹಟ್ಟಿ ಕಾಯ್ತೀನಿ." ಮೇಷ್ಟ್ರಾಗಿ ನಿವೃತ್ತನಾದ ನನಗೆ ಯಾರ ಮಾತೂ ತಪ್ಪಾಗಿ ಕಾಣುವುದಿಲ್ಲ. ಎಲ್ಲರಿಗೂ ಅರ್ಧ ಮಾರ್ಕು ಕೊಟ್ಟು ಅಭ್ಯಾಸ. ಹೆಂಡತಿ ಹೋದ ವರ್ಷದ ಕ್ಯಾಲೆಂಡರಿನ ಹಿಂಬದಿಯಲ್ಲಿ ನಡುವೆ ಗೆರೆ ಎಳೆದು ಒಂದು ಕಡೆ ಮೈಸೂರು, ಇನ್ನೊಂದು ಕಡೆ ಹಂಗಳ ಎಂದು ಬರೆದು ಗೋಡೆಗೆ ತೂಗುಹಾಕಿದ್ದಾಳೆ. ಮೈಸೂರಿನ ಕೆಳಗೆ ಅವಳ ಅಕ್ಷರ, ಹಂಗಳದ ಕೆಳಗೆ ನನ್ನದು. ಅವ್ವನಿಗೆ ಓದಲು ಬರುವುದಿಲ್ಲ, ಆದರೆ ಯಾವ ಕಡೆ ಉದ್ದವಾಗುತ್ತಿದೆ ಎಂದು ದಿನಾ ನೋಡುತ್ತಾಳೆ.

ಬೆಂಗಳೂರು ಆ ಪಟ್ಟಿಗೆ ಬರಲೇ ಇಲ್ಲ. ಬೆಂಗಳೂರಿಗೆ ಹೋದವರು ಮಾರಿಹಬ್ಬಕ್ಕೆ ಬರುತ್ತಾರೆ, ಬಂದವರು ಗಡಿಯಾರ ನೋಡುತ್ತಾರೆ. ಚಾಮರಾಜನಗರದ ಹೆಸರು ಒಮ್ಮೆ ಬಂತು. ಅರಿಕುಠಾರವೆಂಬ ಹಳೆಯ ಹೆಸರಿನ ಆ ಊರು 1997ರಲ್ಲಿ ನಮಗೆ ಜಿಲ್ಲಾಕೇಂದ್ರವಾಯಿತು. ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆಗೆ ಹೆದರಿ ದೊಡ್ಡದೊಡ್ಡವರೇ ಆ ಕಡೆ ತಲೆ ಹಾಕದ ಕಾಲವಿತ್ತು. ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದೂ ಐದು ವರ್ಷ ಪೂರೈಸಿದ ಮೇಲೆ ಆ ಭಯ ಸ್ವಲ್ಪ ಇಳಿಯಿತು. ಈಗ ಅಲ್ಲಿ ವೈದ್ಯಕೀಯ ಕಾಲೇಜಿದೆ, ವಿಶ್ವವಿದ್ಯಾಲಯವೂ ಬಂದಿದೆ, ನಮ್ಮ ತಾಲ್ಲೂಕು ಈವರೆಗೆ ಕಾಣದ ರೈಲೂ ಇದೆ. ಆದರೂ ಹಂಗಳದವರ ಕಾಲು ಅತ್ತ ತಿರುಗುವುದು ಕಡಿಮೆ. ಕಾರಣ ಸುಲಭ: ನಮ್ಮ ಹೆದ್ದಾರಿ ಅಲ್ಲಿಗೆ ಹೋಗುವುದಿಲ್ಲ. ಗುಂಡ್ಲುಪೇಟೆ, ಬೇಗೂರು, ನಂಜನಗೂಡು, ಆಮೇಲೆ ಮೈಸೂರು. ರಸ್ತೆ ಎಳೆದತ್ತ ಬದುಕು. ನಮ್ಮ ಗುಂಡ್ಲುಹೊಳೆಯೂ ಹಾಗೆಯೇ ಬಡಗಲಿಗೆ ಹರಿದು ನಂಜನಗೂಡಿನಲ್ಲಿ ಕಪಿಲೆಯನ್ನು ಸೇರಿ ಕೌಂಡಿನ್ಯ ಎಂದು ಹೆಸರು ಪಡೆಯುತ್ತದೆ. ಊರಲ್ಲಿ ನೀರಿಲ್ಲದ ದಿನಗಳಲ್ಲೂ ಅಲ್ಲಿ ಅದಕ್ಕೆ ಸಂಗಮವೆಂಬ ಮರ್ಯಾದೆಯಿದೆ.

ಊರು ಬಿಟ್ಟು ಹೋಗುವುದು ಈಗಿನವರ ಚಾಳಿ ಎನ್ನುವವರಿಗೆ ನಾನು ಚಿಕ್ಕದೇವರಾಜ ಒಡೆಯರ ಕಥೆ ಹೇಳುತ್ತೇನೆ. ಪಟ್ಟಕ್ಕೆ ಬರುವ ಮುಂಚೆ ಅವರನ್ನು ಇರಿಸಿದ್ದು ನಮ್ಮ ಹಂಗಳದಲ್ಲೇ. ಅರಮನೆಯ ಒಳರಾಜಕೀಯದಿಂದ ದೂರ ಇಡಲು ಕಾಡಂಚಿನ ಈ ಊರಿಗಿಂತ ಒಳ್ಳೆಯ ಜಾಗ ಸಿಕ್ಕಿರಲಿಕ್ಕಿಲ್ಲ. ಇಲ್ಲಿ ಜೊತೆಗಿದ್ದವರು ಯಳಂದೂರಿನ ವಿಶಾಲಾಕ್ಷ ಪಂಡಿತರು. 1673ರಲ್ಲಿ ಕರೆ ಬಂತು, ಹೋದರು, ಶ್ರೀರಂಗಪಟ್ಟಣದಲ್ಲಿ ಸಿಂಹಾಸನ ಏರಿದರು, ಪಂಡಿತರನ್ನೇ ಮಂತ್ರಿ ಮಾಡಿಕೊಂಡರು. ಮುಂದೆ ಆಡಳಿತವನ್ನು ಹದಿನೆಂಟು ಭಾಗ ಮಾಡಿ ಅಠಾರ ಕಚೇರಿ ಕಟ್ಟಿದ ಕೀರ್ತಿಯೂ ಚಿಕ್ಕದೇವರಾಜರದೇ. ನಾಡಕಚೇರಿ, ತಾಲ್ಲೂಕು ಕಚೇರಿ ಎಂದು ಒಂದು ಸಹಿಗಾಗಿ ಅಲೆಯುವಾಗ ನನಗೆ ಈ ವಿಷಯ ನೆನಪಾಗಿ ಸ್ವಲ್ಪ ನಗೆ ಬರುತ್ತದೆ: ನಮ್ಮೂರಿಂದ ಪಟ್ಟಣಕ್ಕೆ ಹೋದವರು ಮಾಡಿದ ದೊಡ್ಡ ಕೆಲಸವೇ ಕಚೇರಿ! ಆದರೆ ಗುಂಡ್ಲುಪೇಟೆಯಲ್ಲಿ ಪರವಾಸುದೇವರಿಗೆ ಗುಡಿ ಕಟ್ಟಿಸಿದವರೂ ಅವರೇ. ಹೋದವರು ಈ ಕಡೆಯನ್ನು ಮರೆಯಲಿಲ್ಲ ಎನ್ನಲು ಅದೊಂದು ಸಾಕ್ಷಿ.

ಇನ್ನು ಕ್ಯಾಲೆಂಡರಿನ ಹಿಂಬದಿಗೆ ಬರೋಣ. ಮೈಸೂರಿನ ಕೆಳಗೆ ಮೊದಲ ಸಾಲೇ ಆಸ್ಪತ್ರೆ. ಇದಕ್ಕೆ ನಾನು ಎದುರು ಬರೆಯಲು ಏನೂ ಹುಡುಕಲಿಲ್ಲ. ಎದೆನೋವು ಬಂದರೆ ಜಯದೇವ, ಬೇರೆ ಏನೇ ಬಂದರೂ ಕೆ.ಆರ್. ಆಸ್ಪತ್ರೆ, ನಮ್ಮ ಕಡೆಯ ಆಂಬುಲೆನ್ಸುಗಳಿಗೆ ದಾರಿ ಹೇಳಿಕೊಡಬೇಕಾಗಿಲ್ಲ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಜನ ಸತ್ತ ಆ ರಾತ್ರಿಯ ನಂತರ, ಆಸ್ಪತ್ರೆ ಹತ್ತಿರವಿರಬೇಕು ಎನ್ನುವವರನ್ನು ಹೆದರುಪುಕ್ಕಲರೆಂದು ನಾನು ಕರೆದಿಲ್ಲ.

ಎರಡನೆಯ ಸಾಲು: "ಮೊಣಕಾಲು." ಇದರ ಅರ್ಥ ತಿಳಿಯಲು ನೀವು ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಬೆಳಿಗ್ಗೆ ನಡೆದಾಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಂದು ಊರನ್ನು ಕೊಂದಿತು. ಅದರ ಬೆನ್ನಿಗೆ 1903ರಲ್ಲಿ ನಗರ ಸುಧಾರಣೆಗೆಂದೇ ಒಂದು ಮಂಡಳಿ ಹುಟ್ಟಿತು. ಅಗಲ ರಸ್ತೆ, ಗಾಳಿ ಬೆಳಕು, ನಡುನಡುವೆ ಪಾರ್ಕು ಎಲ್ಲ ಆ ಪುಣ್ಯಾತ್ಮರ ಲೆಕ್ಕಾಚಾರದ ಫಲ. ಕಾಲು ನೋಯುವ ಹೆಂಗಸೊಬ್ಬಳು ಸೀರೆಯ ಮೇಲೆ ಸ್ವೆಟರು, ಕಾಲಿಗೆ ಶೂಸು ಹಾಕಿಕೊಂಡು ಪಾರ್ಕಿನಲ್ಲಿ ಸುತ್ತು ಹಾಕಬಹುದು, ಯಾರೂ ತಿರುಗಿ ನೋಡುವುದಿಲ್ಲ. ಹಂಗಳದಲ್ಲಿ ನನ್ನ ಹೆಂಡತಿ ಒಮ್ಮೆ ಹಾಗೆ ಹೊರಟಳು. ಊರ ಬಾಗಿಲು ದಾಟುವುದರೊಳಗೆ "ಯಾಕಕ್ಕ, ಯಾರ್ಗಾರ ಹುಸಾರಿಲ್ವಾ?" ಎಂದು ಕೇಳಿದವರಿಗೆ ಉತ್ತರ ಹೇಳುತ್ತಲೇ ಸುಸ್ತಾಗಿ ಹಿಂದಿರುಗಿದಳು. ಕೆಲಸವಿಲ್ಲದೆ ನಡೆಯುವ ಸ್ವಾತಂತ್ರ್ಯ ಹಳ್ಳಿಯಲ್ಲಿ ಎಮ್ಮೆಗಿದೆ, ಹೆಂಗಸಿಗಿಲ್ಲ.

ಮನೆ ನೋಡಲು ಹೋದಾಗ ಕಂಡ ಇನ್ನೊಂದು ಮುಖವನ್ನೂ ಹೇಳಬೇಕು. ಮನೆ ಮಾಲೀಕರು ಬಾಡಿಗೆ, ಅಡ್ವಾನ್ಸು, ನೀರಿನ ಸಮಯ ಎಲ್ಲ ಹೇಳಿ ಮುಗಿಸಿ, ಕೊನೆಗೆ ಧ್ವನಿ ತಗ್ಗಿಸಿ "ತಪ್ಪು ತಿಳ್ಕೋಬೇಡಿ, ತಾವು ಯಾವ ಜನ?" ಎಂದರು. ಮಗನಿಗೆ ಕೆಂಡಾಮಂಡಲ ಕೋಪ. ನನಗೆ ಅಷ್ಟು ಬರಲಿಲ್ಲ. ನಮ್ಮೂರಲ್ಲಿ ಯಾರೂ ಹಾಗೆ ಕೇಳುವುದಿಲ್ಲ, ನಿಜ. ಕೇಳುವ ಅಗತ್ಯವಿಲ್ಲ, ಯಾವ ಬೀದಿ ಎಂದರೆ ಮುಗಿಯಿತು. ಆ ಬೀದಿಯ ಹೆಸರಿನಿಂದ ತಪ್ಪಿಸಿಕೊಳ್ಳಲೆಂದೇ ಮೈಸೂರಿಗೆ ಹೋದ ಶಿಷ್ಯರು ನನಗಿದ್ದಾರೆ. ಅಲ್ಲಿ ಮೂರು ಮನೆಯಲ್ಲಿ ಕೇಳಿದರೂ ನಾಲ್ಕನೆಯ ಮನೆಯಲ್ಲಿ ಕೇಳದವರು ಸಿಗುತ್ತಾರೆ ಎನ್ನುತ್ತಾರೆ ಅವರು. ಹಳ್ಳಿಯ ಸೊಬಗನ್ನು ಹಾಡಿ ಹೊಗಳುವವರು ಈ ಸಾಲನ್ನು ಬಿಟ್ಟೇ ಬರೆಯುತ್ತಾರೆ. ನಾನು ಅದನ್ನು ಮೈಸೂರಿನ ಲಾಭದ ಕಡೆಗೇ ಬರೆದೆ. ಹೆಂಡತಿಗೆ ಆಶ್ಚರ್ಯವಾಯಿತು.

ಹಂಗಳದ ಕಡೆ ನಾನು ಬರೆದದ್ದರಲ್ಲಿ ದೊಡ್ಡ ಅಕ್ಷರದ್ದು ನಿದ್ದೆ. ನಗಬೇಡಿ. ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿದ್ದೂ ರಾತ್ರಿ ನಿಶ್ಚಿಂತೆಯಿಂದ ಮಲಗುವ ಊರು ದೇಶದಲ್ಲಿ ಎಷ್ಟಿವೆ? 2009ರಿಂದ ಬಂಡೀಪುರದ ಕಾಡಿನ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರವಿಲ್ಲ. ಜಿಂಕೆ, ಆನೆ, ಚಿರತೆಗಳು ಚಕ್ರಕ್ಕೆ ಸಿಕ್ಕಿ ಸಾಯದಿರಲಿ ಎಂದು ಮಾಡಿದ ನಿಯಮ. ಕೇರಳದವರು ಕೋರ್ಟು ಹತ್ತಿದರು, ನಿಯಮ ಉಳಿಯಿತು. ಎಂಟೂವರೆಗೆ ಲಾರಿಗಳು ಬೆನ್ನಿಗೆ ಬೆಂಕಿ ಬಿದ್ದಂತೆ ಓಡುತ್ತವೆ, ಒಂಬತ್ತಾದ ಮೇಲೆ ಹೆದ್ದಾರಿ ನಮ್ಮದು. ಪ್ರಾಣಿಗಳಿಗೆಂದು ಕೊಟ್ಟ ವಿರಾಮದಲ್ಲಿ ನಮಗೂ ಪಾಲು ಸಿಕ್ಕಿದೆ.

ಈ ಸಾಲಿನ ಪಕ್ಕ ಹೆಂಡತಿ ಪೆನ್ಸಿಲಿನಲ್ಲಿ "ಹಂದಿ?" ಎಂದು ಬರೆದಿದ್ದಾಳೆ. ಅದೂ ಸರಿಯೇ. ಹೆದ್ದಾರಿ ಮಲಗಿದರೆ ಹೊಲ ಏಳುತ್ತದೆ. ಆಲೂಗಡ್ಡೆ ಹಾಕಿದವನು, ಜೋಳ ಹಾಕಿದವನು ಅಟ್ಟಣೆ ಹತ್ತಿ ಟಾರ್ಚು, ಪಟಾಕಿ ಇಟ್ಟುಕೊಂಡು ಕೂರಬೇಕು. ಹಂದಿಯಾದರೆ ಕೂಗಿದರೆ ಹೋಗುತ್ತದೆ, ಆನೆಗೆ ನಮ್ಮ ಕೂಗು ಲೆಕ್ಕಕ್ಕಿಲ್ಲ. ಸೋಲಾರ್ ಬೇಲಿ ಇದೆ, ಕಂದಕ ಇದೆ. ಆನೆಗೂ ಬುದ್ಧಿ ಇದೆ. 2019ರಲ್ಲಿ ಗೋಪಾಲಸ್ವಾಮಿ ಬೆಟ್ಟದ ಕೆಳಗಿನ ಹಳ್ಳಿಗಳಲ್ಲಿ ಹುಲಿ ಇಬ್ಬರನ್ನು ಕೊಂದಾಗ, ದನ ಮೇಯಿಸಲು ಹೋದವರು ಮನೆ ಸೇರುವವರೆಗೆ ಮನೆಯವರು ಒಳಗೆ ಕೂತಿರಲಿಲ್ಲ. ಕಾಡಂಚಿನ ಗಾಳಿ ಒಳ್ಳೆಯದು ಎಂದು ಬರೆದ ನನ್ನ ಸಾಲನ್ನು ನಾನೇ ಹೊಡೆದು ಹಾಕಿದೆ.

ಹಾಗಾದರೆ ಉಳಿಯುವುದೇನು? ಸೊಪ್ಪು. ಮಳೆ ಬಿದ್ದ ವಾರಕ್ಕೆ ಅವ್ವ ಸೆರಗಿನಲ್ಲಿ ಮಡಿಲು ಮಾಡಿಕೊಂಡು ಹೊಲದ ಬದುವಿಗೆ ಹೋಗುತ್ತಾಳೆ. ಅಣ್ಣೆ, ಗಣಿಕೆ, ಕೀರೆ, ಹೊನಗೊನೆ, ಜೊತೆಗೆ ನನಗೆ ಹೆಸರೇ ಗೊತ್ತಿಲ್ಲದ ಇನ್ನೆರಡು ಚಿಗುರು. ಉಗುರಿನಲ್ಲಿ ಚಿವುಟುತ್ತಾಳೆ, ಕುಡುಗೋಲು ಮುಟ್ಟಿಸುವುದಿಲ್ಲ. ಒಂದು ಜಾತಿ ಹೆಚ್ಚಾದರೆ ಸಾರು ಕಹಿ, ಇನ್ನೊಂದು ಹೆಚ್ಚಾದರೆ ಲೋಳೆ. ಅಳತೆ ಅವಳ ಮಡಿಲಿಗೇ ಗೊತ್ತು. ಬೇಯಿಸಿ ಬಸಿದು, ಕಟ್ಟಿಗೆ ಉಪ್ಪು, ಕಲ್ಲಿನಲ್ಲಿ ಅರೆದ ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಖಾರ, ಪಕ್ಕದಲ್ಲಿ ರಾಗಿ ಮುದ್ದೆ. ಇದು ಬೆರಕೆ ಸೊಪ್ಪಿನ ಉಪ್ಸಾರು. ಮೈಸೂರಿನಲ್ಲಿ ಮಗನ ಕೋಣೆಗೆ ಹೋದಾಗ ತಳ್ಳುಗಾಡಿಯಲ್ಲಿ ಬೆರಕೆ ಸೊಪ್ಪು ಎಂದು ಕಂತೆ ಕಟ್ಟಿ ಮಾರುವುದನ್ನು ಕಂಡು ಅವ್ವ ಒಂದು ಕಂತೆ ಬಿಚ್ಚಿ ನೋಡಿದಳು. "ಇದ್ರಲ್ಲಿ ಬೆರ್ಕೆ ಎಲ್ಲಿದ್ದದು ಕನಪ್ಪ, ಬರೀ ದಂಟು" ಎಂದು ಹಿಂದಕ್ಕೆ ಕೊಟ್ಟಳು. ಗಾಡಿಯವನು ನಕ್ಕ. ಅವನದು ತೆರಕಣಾಂಬಿ ಕಡೆಯ ಊರಂತೆ. ಅವನ ಗಾಡಿಯ ಸಣ್ಣ ಈರುಳ್ಳಿ, ಬೀಟ್ರೂಟು, ಟೊಮೆಟೊ ಬಹುಪಾಲು ನಮ್ಮ ತಾಲ್ಲೂಕಿನದೇ. ನಮಗಿಂತ ಮೊದಲೇ ವಲಸೆ ಬಂದು ಬೆಲೆ ಏರಿಸಿಕೊಂಡು ಕೂತಿದ್ದವು.

ಹೂವಿನ ಮಾತು ಬಿಟ್ಟರೆ ಓದುಗರು ಬೇಸರಿಸಿಕೊಳ್ಳುತ್ತಾರೆ, ಯಾಕೆಂದರೆ ಹಂಗಳ ಎಂದರೆ ಹೊರಗಿನವರಿಗೆ ಗೊತ್ತಿರುವುದು ಅಷ್ಟೇ. ಜುಲೈ, ಆಗಸ್ಟ್‌ನಲ್ಲಿ ಸೂರ್ಯಕಾಂತಿ, ಚೆಂಡುಹೂ ಅರಳಿದಾಗ ಕೇರಳದ ಕಾರುಗಳು ರಸ್ತೆಯ ಎರಡೂ ಬದಿ ನಿಲ್ಲುತ್ತವೆ. ಫೋಟೋಕ್ಕೆ ತಲೆಗಿಷ್ಟು ಎಂದು ರೈತರು ದುಡ್ಡು ಇಸಿದುಕೊಳ್ಳುವುದೂ ಉಂಟು. ಚೆಂಡುಹೂವಿನ ಬಹುಪಾಲು ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಕಾರಿನಿಂದ ಇಳಿದವರು "ಎಂಥ ಸ್ವರ್ಗದಲ್ಲಿದ್ದೀರಿ" ಎನ್ನುವ ಹೊತ್ತಿಗೆ ಹೊಲದವನು ಕೊಯ್ಲಿನ ಕೂಲಿಯ ಲೆಕ್ಕ ಹಾಕುತ್ತಿರುತ್ತಾನೆ. ಇದನ್ನು ಪಟ್ಟಿಯ ಯಾವ ಕಡೆಗೂ ಸೇರಿಸಲಿಲ್ಲ.

ಪಟ್ಟಿ ಮುಗಿದಾಗ ಮೈಸೂರಿನ ಕಡೆ ಉದ್ದವಾಗಿತ್ತು. ನನಗೂ ಅದು ಸರಿ ಎನಿಸಿತು. ಆದರೆ ಮೈಸೂರು ಗೆದ್ದದ್ದು ದೊಡ್ಡ ಊರಾದ್ದರಿಂದಲ್ಲ. ಅದು ಎಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಬೆಳಿಗ್ಗೆ ಹೊರಟರೆ ಹೊಲಕ್ಕೆ ನೀರು ಕಟ್ಟಿ ಸಂಜೆಗೆ ಹಿಂದಿರುಗಬಹುದು. 2011ರ ಜನಗಣತಿಯಲ್ಲಿ 9 ಲಕ್ಷದ ಆಸುಪಾಸಿದ್ದ ಊರು ಅದು. 2023ರಲ್ಲಿ ಬೆಂಗಳೂರಿನ ಹೆದ್ದಾರಿ ಹತ್ತು ಪಥವಾಗಿ ತೆರೆದ ಮೇಲೆ ಅಲ್ಲಿನವರೂ ಇತ್ತ ಸೈಟು ಹುಡುಕುತ್ತಿದ್ದಾರೆ. ಮೈಸೂರು ಇನ್ನೊಂದು ಬೆಂಗಳೂರಾಗುವ ಮೊದಲು ನಾಲ್ಕು ದಿನ ಅಲ್ಲಿದ್ದು ನೋಡೋಣ ಎಂಬ ಆಸೆಯೂ ನನಗಿದೆ.

ಆದ್ದರಿಂದ ತೀರ್ಮಾನ ಹೀಗಾಗಿದೆ. ಅರಿಸಿನ ಕಿತ್ತ ಮೇಲೆ ಶ್ರೀರಾಂಪುರದಲ್ಲಿ ಬಾಡಿಗೆ ಮನೆ ಹಿಡಿಯುವುದು. ಹೆಂಡತಿ ಅಲ್ಲಿ, ಅವ್ವ ಇಲ್ಲಿ, ನಾನು ಬಸ್ಸಿನಲ್ಲಿ. ಹೊಲ ಮಾರುವ ಪ್ರಶ್ನೆಯೇ ಇಲ್ಲ. ಮೇಷ್ಟ್ರು ಊರು ಬಿಡುತ್ತಾರಂತೆ ಎಂದು ಸುದ್ದಿ ಹಬ್ಬಿ, ರೆಸಾರ್ಟ್ ಮಾಡುವವರ ಪರವಾಗಿ ಬ್ರೋಕರುಗಳು ಆಗಲೇ ಬೈಕಿನಲ್ಲಿ ಸುತ್ತತೊಡಗಿದ್ದಾರೆ. ಬಂಡೀಪುರದ ಸುತ್ತ 2012ರಿಂದ ಪರಿಸರ ಸೂಕ್ಷ್ಮ ವಲಯದ ಕಟ್ಟಳೆ ಇದೆ ಎಂದರೆ "ಅದೆಲ್ಲ ನೋಡ್ಕೊಳವ ಸಾ" ಎನ್ನುತ್ತಾರೆ. ದಯವಿಟ್ಟು ನಮ್ಮ ಹಟ್ಟಿಗೆ ಬರಬೇಡಿ. ಬಂದರೆ ನಾನಿರುವುದಿಲ್ಲ, ಅವ್ವ ಇರುತ್ತಾಳೆ.