ನಾಗಪುರದ ನಳ

ನಾಗಪುರ ಅಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಎರಡೇ: ಕಿತ್ತಳೆ ಹಣ್ಣು, ಮೇ ತಿಂಗಳ ಬಿಸಿಲು. ಮೂರನೆಯದೂ ಒಂದಿದೆ, ಇಲ್ಲಿನ ನಳದ ನೀರು. ಬ್ಯಾಂಕಿನ ವರ್ಗಾವಣೆ ಮೇಲೆ ಧಾರವಾಡ ಬಿಟ್ಟು ಬಂದ ನಾನು, ಮಗನಿಗೆ ಇಲ್ಲೇ ನೌಕರಿ ಸಿಕ್ಕಿದ್ದರಿಂದ ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ.

ಇಲ್ಲಿ 24 ತಾಸು ನೀರು ಕೊಡುವ ಪ್ರಯೋಗ ಮೊದಲು ನಡೆದದ್ದು ಧರಮಪೇಠ ಭಾಗದಲ್ಲಿ. 2011ರಲ್ಲಿ ಇಡೀ ಊರಿಗೆ 25 ವರ್ಷದ ಒಪ್ಪಂದವಾಗಿ, 2012ರ ಮಾರ್ಚ್‌ನಿಂದ ಖಾಸಗಿಯವರು ಕೆಲಸ ವಹಿಸಿಕೊಂಡರು. ಅದರಲ್ಲಿ ಪಾಲಿದ್ದ ಫ್ರಾನ್ಸಿನ ವೆಯೋಲಿಯಾ ನಮಗೆ ಹೊಸಬರಲ್ಲ. 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ 24 ತಾಸು ನೀರು ಬಿಟ್ಟವರೂ ಅವರೇ.

"ಅಷ್ಟು ನೀರು ಎಲ್ಲಿಂದ ತರ್ತಾರ್ರಿ?" ಅಂತ ಊರಿಗೆ ಹೋದಾಗ ಕೇಳುತ್ತಾರೆ. ಪ್ರಶ್ನೆ ಜಾಸ್ತಿ ನೀರಿನದಲ್ಲ, ಕೊಳವೆಯೊಳಗಿನ ಒತ್ತಡದ್ದು. ನೀರು ನಿಲ್ಲಿಸಿದಾಗ ಕೊಳವೆ ಖಾಲಿಯಾಗಿ, ಒಡೆದ ಜಾಗದಿಂದ ಗಟಾರದ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತದೆ. ಸದಾ ತುಂಬಿದ್ದರೆ ಹೊರಗಿನದು ಒಳಗೆ ಬಾರದು. ಇನ್ನು ವಾರಕ್ಕೊಮ್ಮೆ ನೀರು ಬಂದಾಗ ನಾವು ಮಾಡುತ್ತಿದ್ದದ್ದೇನು? ಉಳಿದ ಹಳೇ ನೀರು ಚೆಲ್ಲಿ ಹಂಡೆ, ಕೊಡ, ಬಕೀಟು ಎಲ್ಲ ತುಂಬುವುದು. ಬ್ಯಾಂಕು ಮುಳುಗುತ್ತದೆಂಬ ಸುದ್ದಿ ಹಬ್ಬಿದಾಗ ಜನ ಠೇವಣಿ ಬಿಡಿಸಲು ಮುಗಿಬೀಳುತ್ತಾರಲ್ಲ, ಹಾಗೆ. ನಾಳೆಯೂ ಸಿಗುತ್ತದೆಂದು ಗೊತ್ತಿದ್ದವರು ಬೇಕಾದಷ್ಟೇ ತೆಗೆಯುತ್ತಾರೆ.

ಐದು ವರ್ಷದಲ್ಲಿ ಊರಿಗೆಲ್ಲ ಅಂದಿದ್ದರು, ಅಷ್ಟರಲ್ಲಿ ಆಗಲಿಲ್ಲ. ಆದರೂ ನಮ್ಮ ಮನೆಯ ಸ್ಟೀಲ್ ಡ್ರಮ್ಮು ಅಟ್ಟ ಸೇರಿತ್ತು.

2019ರ ಜುಲೈನಲ್ಲಿ ಅದು ಮತ್ತೆ ಕೆಳಗಿಳಿಯಿತು. ಪೇಂಚ್ ನದಿಯ ತೋತಲಾಡೋಹ ಜಲಾಶಯ ಬತ್ತಿ, ಊರಿಗೆಲ್ಲ ದಿನ ಬಿಟ್ಟು ದಿನ ನೀರು. ಮಳೆ ಕೈಕೊಟ್ಟಿತ್ತು, ಜೊತೆಗೆ ನದಿ ಹುಟ್ಟುವ ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯಲ್ಲಿ ಚೌರಾಯಿ ಅಣೆಕಟ್ಟೆ ಎದ್ದ ಮೇಲೆ ಕೆಳಗೆ ಹರಿದು ಬರುವುದೂ ಕಡಿಮೆಯಾಗಿತ್ತು. ಮಹದಾಯಿ ಜಗಳ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳವೆ, ಮೀಟರು ಎಷ್ಟೇ ಚೊಕ್ಕ ಇದ್ದರೂ ಮೇಲೆ ನದಿ ಇರಬೇಕಲ್ಲ!

ನನ್ನ ಹೆಂಡತಿ ಡ್ರಮ್ಮು ತಿಕ್ಕುವುದನ್ನು ನೋಡಿ ಕೆಲಸದಾಕೆ ನಕ್ಕಳು. "ಈಗ ನೀವೂ ನಮ್ಮಂಗ ಆದ್ರಿ ಕಾಕೂ" ಅಂತ ಮರಾಠಿಯಲ್ಲಿ ಅಂದಳು. ಊರಂಚಿನ ಆಕೆಯ ಬಸ್ತಿಗೆ ಎಂದೂ ಟ್ಯಾಂಕರೇ. ಟ್ಯಾಂಕರು ಬರುವ ದಿನ ಆಕೆ ಬರುವುದು ಹನ್ನೊಂದರ ಮೇಲೆ, ಅದೂ ನಮ್ಮ ಮನೆಗೆ ಮಾತ್ರ. ಉಳಿದೆರಡು ಮನೆಯವರು ಆ ದಿನದ ಕೂಲಿ ಮುರಿದುಕೊಳ್ಳುತ್ತಾರೆ.

ಹೋದ ವರ್ಷ ಆಕೆಯ ಗಲ್ಲಿಯ ತುದಿವರೆಗೆ ಕೊಳವೆ ಹಾಕಿದ್ದಾರೆ. ಮನೆಗಳಿಗೆ ಜೋಡಣೆ ಇನ್ನೂ ಆಗಿಲ್ಲ. ತಿಂಗಳಿಗೆ ಎಷ್ಟು ಬಿಲ್ಲು ಬೀಳಬಹುದು ಎಂದು ನನ್ನನ್ನು ಕೇಳಿದಳು. ನಮ್ಮ ಬಿಲ್ಲು ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ಆಕೆ ಕಳೆದುಕೊಳ್ಳುವ ಕೂಲಿಗಿಂತ ಕಡಿಮೆಯೇ ಬಂತು.